ತಾವರೆ ಕಾಯಿಗೆ ಬಂದ ತಜ್ಞರ ವರದಿ

ಸೋಮಲಿಂಗಪ್ಪನವರು ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಬೇರೆಯವರು ಬರೆದದ್ದರ ಕೆಳಗೆ ಸಹಿ ಹಾಕಿ ನಿವೃತ್ತರಾದವರು. ನಿವೃತ್ತರಾದ ಮರುತಿಂಗಳೇ ಅವರಿಗೆ, ತಾವು ನಿಜವಾಗಿ ಹುಟ್ಟಿದ್ದು ಸಸ್ಯಶಾಸ್ತ್ರಕ್ಕಾಗಿ ಎಂಬ ಸಂಗತಿ ಗೊತ್ತಾಯಿತು. ಲಾಲ್‌ಬಾಗಿನಲ್ಲಿ ಭಾನುವಾರ ಬೆಳಿಗ್ಗೆ ಮರಗಿಡ ತೋರಿಸುತ್ತ ನಡೆಸಿಕೊಂಡು ಹೋಗುವ ಗುಂಪೊಂದರ ಜೊತೆ ಮೂರು ವಾರ ನಡೆದರು. ನಾಲ್ಕನೆಯ ವಾರ ಹೋಗಲಿಲ್ಲ. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ಅವರಿಗೆ ನಾನೇ ಹೇಳಿಕೊಡೋ ಹಾಗಾಯ್ತು. ಯಾಕೆ ಮುಜುಗರ ಅಂತ ಬಿಟ್ಟೆ" ಎಂದರು.

ಆಮೇಲೆ ಅವರು ಅಗಲ ಅಂಚಿನ ಟೋಪಿಯನ್ನೂ ಒಂದು ಭೂತಗನ್ನಡಿಯನ್ನೂ ಕೊಂಡರು. ಸುಬ್ರಹ್ಮಣ್ಯಪುರದ ನಮ್ಮ ಮಂದಾರ ಲೇಔಟಿನ ಅಷ್ಟೂ ಮರಗಳಿಗೆ ತಗಡಿನ ಹೆಸರುಫಲಕ ಕಟ್ಟಿದರು. ನಮ್ಮ ಮನೆಯ ಮುಂದಿನ ಹೊಂಗೆ ಮರಕ್ಕೆ ಎರಡು ಫಲಕಗಳಿದ್ದವು. ಒಂದರಲ್ಲಿ ಮಹಾಗನಿ ಅಂತಲೂ ಇನ್ನೊಂದರಲ್ಲಿ ಬಿಲ್ವ ಅಂತಲೂ ಬರೆದಿತ್ತು. ಹೊಂಗೆ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ಸೋಮಲಿಂಗಪ್ಪನವರು ಮರವನ್ನು ಒಂದು ಸುತ್ತು ಬಂದು, "ಜನಸಾಮಾನ್ಯರು ಹಾಗಂತಾರೆ" ಎಂದರು. ಅಂದಿನಿಂದ ನಾನು ಅವರನ್ನು ಏನೂ ಕೇಳಲಿಲ್ಲ. ಅವರು ಹೇಳುವುದನ್ನು ಮಾತ್ರ ತಡೆಯಲಾಗಲಿಲ್ಲ.

ಲೇಔಟಿನ ಹಿಂಬದಿಗೆ ಚಿಕ್ಕಕುಂಟೆ ಅಂತ ಒಂದು ಕುಂಟೆ ಇದೆ. ಸುತ್ತ ಎದೆಮಟ್ಟದ ಗೋಡೆ, ಒಳಗೆ ನೀರು ಕಾಣದ ಹಾಗೆ ಕೊಡೆಯಗಲದ ಎಲೆಗಳು. ಬೆಳಕು ಹರಿಯುವ ಮೊದಲೇ ಹೂವಿನವರು ಗೋಡೆ ಹಾರಿ ಬಂದು ಕಣ್ಣಿಗೆ ಬಿದ್ದ ಹೂಗಳನ್ನೆಲ್ಲ ಕಿತ್ತುಕೊಂಡು, ಎಲೆಯ ಮರೆಯವನ್ನು ಮಾತ್ರ ಬಿಟ್ಟು ಹೋಗುತ್ತಿದ್ದರು. ನಮ್ಮ ಲೇಔಟಿನವರು ಏಳುವುದು ಏಳೂವರೆಗೆ. ಹಾಗಾಗಿ ಹದಿನೆಂಟು ವರ್ಷದಿಂದ ಅಲ್ಲೇ ಇರುವ ನಮ್ಮಲ್ಲಿ ಒಬ್ಬರೂ ಅಲ್ಲಿ ಹೂ ನೋಡಿದವರಲ್ಲ. ಅದು ಕಳೆ ಅಂತಲೇ ನಮ್ಮ ನಂಬಿಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನಾವು ಗಾಂಧಿಬಜಾರಿಗೆ ಹೋಗಿ, ನೂಕುನುಗ್ಗಲಿನಲ್ಲಿ ಚೌಕಾಸಿ ಮಾಡಿ, ಅದೇ ಕುಂಟೆಯ ತಾವರೆಯನ್ನು ಮನೆಗೆ ತರುತ್ತಿದ್ದೆವು.

ನವೆಂಬರಿನ ಒಂದು ಬೆಳಿಗ್ಗೆ ಮೂರನೇ ಕ್ರಾಸಿನ ವಿಭಾ ವಾಕಿಂಗ್ ಹೋದವಳು ಕುಂಟೆಯ ಗೋಡೆಯ ಮೇಲೆ ಒಂದು ವಸ್ತುವನ್ನು ಕಂಡು ಕಿರುಚಿದಳು. ನಾಯಿಯಿರಬೇಕೆಂದು ಎಲ್ಲರೂ ಕೋಲು ಹಿಡಿದು ಓಡಿದೆವು. ನೋಡಿದರೆ ಅದು ಒಣಗಿದ, ಕಂದುಬಣ್ಣದ, ಆಲಿಕೆಯಾಕಾರದ ವಸ್ತು. ಮೇಲ್ಭಾಗ ಚಪ್ಪಟೆಯಾಗಿದ್ದು ತುಂಬ ತೂತುಗಳಿದ್ದವು. ಒಂದೊಂದು ತೂತಿನಿಂದಲೂ ಏನೋ ಕಪ್ಪಗೆ ಇಣುಕುತ್ತಿತ್ತು.

"ಅಯ್ಯೋ, ನನಗೆ ತೂತು ನೋಡಿದ್ರೆ ಮೈಯೆಲ್ಲ ಜುಮ್ ಅನ್ನತ್ತೆ, ಯಾರಾದ್ರೂ ತೆಗೀರಿ" ಎಂದು ವಿಭಾ ಕಣ್ಣು ಮುಚ್ಚಿಕೊಂಡಳು.

ತೆಗೆಯಲು ಯಾರೂ ಮುಂದಾಗಲಿಲ್ಲ. ಅಷ್ಟರಲ್ಲಿ ಟೋಪಿ ಬಂತು, ಅದರ ಕೆಳಗೆ ಸೋಮಲಿಂಗಪ್ಪನವರು ಬಂದರು. ಜನ ದಾರಿ ಬಿಟ್ಟರು. ಅವರು ಭೂತಗನ್ನಡಿ ತೆಗೆದು, ಮಂಡಿಯೂರಿ, ಐದು ನಿಮಿಷ ನೋಡಿದರು. ಆಮೇಲೆ ಕರವಸ್ತ್ರ ಸುತ್ತಿಕೊಂಡು ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ ಸದ್ದಾಯಿತು.

"ಒಳಗಿವೆ" ಎಂದರು.

"ಏನು ಸಾರ್?"

"ಮರಿಗಳು. ಇದು ಕಣಜದ ಗೂಡು. ಕಚ್ಚೋ ಜಾತಿಯ ಕಣಜ. ಒಂದೊಂದು ಕೋಣೆಗೆ ಒಂದೊಂದು. ಇಪ್ಪತ್ತಮೂರು ಕೋಣೆ. ಯಾರೂ ಜೋರಾಗಿ ಉಸಿರಾಡಬೇಡಿ."

ಸುತ್ತ ನಿಂತಿದ್ದ ಹನ್ನೊಂದು ಜನ ಉಸಿರು ಹಿಡಿದೆವು. ಸೋಮಲಿಂಗಪ್ಪನವರು ಗೋಡೆಯ ಆಚೆ ಇಣುಕಿದರು. ಎಲೆಗಳ ನಡುವೆ ಉದ್ದುದ್ದ ಕಡ್ಡಿಗಳ ತುದಿಯಲ್ಲಿ ಅಂಥವೇ ಇನ್ನಷ್ಟು ನಿಂತಿದ್ದವು. ಕೆಲವು ಹಸಿರಾಗಿದ್ದವು, ಕೆಲವು ಒಣಗಿ ತಲೆ ಬಗ್ಗಿಸಿದ್ದವು. ಅವರು ಎಣಿಸುತ್ತ ಹೋದರು. ಇನ್ನೂರ ಹನ್ನೆರಡಕ್ಕೆ ನಿಲ್ಲಿಸಿ ಟೋಪಿ ತೆಗೆದರು.

"ನೀರಿನ ಮೇಲೆ ಕಡ್ಡಿ ನೆಟ್ಟು, ಅದರ ತುದೀಲಿ ಗೂಡು ಕಟ್ಟಿವೆ. ಪ್ರಪಂಚದಲ್ಲೇ ಇದು ಮೊದಲು."

ಆ ವಸ್ತುವನ್ನು ಅವರು ಹೆಚ್ಚಿನ ಅಧ್ಯಯನಕ್ಕೆಂದು ಮನೆಗೆ ಒಯ್ದರು. ಅವರ ಹೆಂಡತಿ ಬಸವಲಿಂಗಮ್ಮ ಬಾಗಿಲಲ್ಲೇ ಅಡ್ಡ ನಿಂತರು. ಹುಳ ಹೊರಗೆ ಬರದ ಹಾಗೆ ಭದ್ರ ಮಾಡುವುದಾಗಿ ಇವರು ಮಾತು ಕೊಟ್ಟರು. ಮಾತಿಗೆ ತಪ್ಪದೆ ಅದನ್ನು ಐದು ಲೀಟರಿನ ಕುಕ್ಕರಿನಲ್ಲಿಟ್ಟು, ಮುಚ್ಚಳ ಹಾಕಿ, ವೆಯ್ಟ್ ಕೂರಿಸಿ, ಬಾಲ್ಕನಿಯಲ್ಲಿ ಇರಿಸಿದರು. ಮನೆಯಲ್ಲಿದ್ದದ್ದು ಅದೊಂದೇ ಕುಕ್ಕರು. ಆ ವಾರವೆಲ್ಲ ಅವರ ಮನೆಯಲ್ಲಿ ಬೇಳೆ ಬೇಯಲಿಲ್ಲ.

ಅವತ್ತೇ ಮಧ್ಯಾಹ್ನ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಅವರದೊಂದು ದೀರ್ಘ ಬರಹ ಬಂತು. ಸಂಜೆಯೊಳಗೆ ಮೂವರಿಗೆ ಕಣಜ ಕಚ್ಚಿದ್ದು ಖಚಿತವಾಯಿತು. ಒಬ್ಬರ ಕೆನ್ನೆ ಊದಿತ್ತು. ಅವರಿಗೆ ಮೊದಲೇ ಹಲ್ಲುನೋವಿತ್ತು ಎಂಬುದನ್ನು ಅವರೂ ಸೇರಿ ಎಲ್ಲರೂ ಮರೆತರು. ಮಕ್ಕಳನ್ನು ಹೊರಗೆ ಬಿಡಬೇಡಿ, ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಎಂದು ಒಬ್ಬೊಬ್ಬರು ಒಂದೊಂದು ಬರೆದರು. ಕುಂಟೆಗೆ ಲೇಔಟಿನ ಕೊಳಚೆ ನೀರು ಹರಿಯುತ್ತಿದೆ ಎಂದು ಒಂಬತ್ತು ವರ್ಷದಿಂದ ಬರೆಯುತ್ತಿದ್ದ ಒಬ್ಬರೇ ಒಬ್ಬರ ಮಾತಿಗೆ ಆವತ್ತೂ ಯಾರೂ ಉತ್ತರಿಸಲಿಲ್ಲ.

ಮರುದಿನ ಲೇಔಟ್ ಸಂಘದ ಕಾರ್ಯದರ್ಶಿ ವಿಜಯಕುಮಾರ್ ಸೋಮಲಿಂಗಪ್ಪನವರ ಮನೆಗೆ ಬಂದರು. ಈ ವಿಜಯಕುಮಾರ್ ಸೈಟು ಮಾರಿಸಿಕೊಡುವ ವ್ಯವಹಾರದವರು. ಖಾಲಿ ಜಾಗ ಕಂಡರೆ ಅವರಿಗೆ ಕರುಳು ಹಿಂಡಿದಂತಾಗುತ್ತದೆ. ಆ ಕುಂಟೆ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿಸಬೇಕು, ಅದರ ಪಕ್ಕ ಒಂದು ಸಭಾಭವನ ಕಟ್ಟಿಸಬೇಕು ಎಂದು ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಕುಂಟೆ ಮುಚ್ಚಲು ಕಾರಣ ಬೇಕು ಅಂತ ಅರ್ಜಿ ವಾಪಸು ಬರುತ್ತಿತ್ತು.

"ಸಾರ್, ನಿಮ್ಮಂಥೋರು ನಮ್ಮ ಲೇಔಟಲ್ಲಿ ಇರೋದೇ ನಮ್ಮ ಪುಣ್ಯ" ಎಂದು ವಿಜಯಕುಮಾರ್ ಕೂತರು. "ಆ ಕಣಜದ ವಿಷಯ ಒಂಚೂರು ಪೇಪರ್ ಮೇಲೆ ಬರ್ಕೊಡ್ತೀರಾ? ತಜ್ಞರ ವರದಿ ಅಂತ."

ತಜ್ಞರ ವರದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸೋಮಲಿಂಗಪ್ಪನವರ ಬೆನ್ನು ನೆಟ್ಟಗಾಯಿತು. "ಎಷ್ಟು ಪುಟ ಬೇಕು?" ಎಂದರು.

ಒಳಗಿಂದ ಬಸವಲಿಂಗಮ್ಮನವರ ದನಿ ಬಂತು. "ರೀ, ಪುಟ ಆಮೇಲೆ ಬರೀರಿ. ಮೊದ್ಲು ನನ್ನ ಕುಕ್ಕರ್ ಕೊಡ್ರಿ."

ವರದಿ ಹದಿನಾಲ್ಕು ಪುಟವಾಯಿತು. ಪೀಠಿಕೆ, ವ್ಯಾಪ್ತಿ, ಇತಿಮಿತಿ, ಉಪಸಂಹಾರ ಎಲ್ಲವೂ ಇದ್ದವು. ಇತಿಮಿತಿಯ ಕೆಳಗೆ 'ಇಲ್ಲ' ಎಂದು ಬರೆದಿದ್ದರು.

ವರದಿ ಹೋದದ್ದು ಕೆರೆ-ಕುಂಟೆಗಳ ಉಸ್ತುವಾರಿ ನೋಡುವ ಒಂದು ಕಚೇರಿಗೆ. ಬುಧವಾರ ಆ ಕಚೇರಿಯ ಗಂಗಾಧರಯ್ಯ ಎಂಬ ಅಧಿಕಾರಿ ಸ್ಥಳಪರಿಶೀಲನೆಗೆ ಬಂದರು. ಜೀಪು ಕುಂಟೆಗೆ ನೂರಡಿ ದೂರದಲ್ಲೇ ನಿಂತಿತು. ಗಂಗಾಧರಯ್ಯನವರು ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಮಾತ್ರ ಇಳಿಸಿದರು.

"ಎಲ್ಲಿ?"

"ಅಲ್ಲಿ ಸಾರ್, ಆ ಎಲೆ ಮಧ್ಯ. ಇಳಿದು ನೋಡ್ತೀರಾ?" ಎಂದರು ವಿಜಯಕುಮಾರ್.

"ತಜ್ಞರು ನೋಡಿದಾರಲ್ಲ?"

"ನೋಡಿದೀನಿ ಸಾರ್" ಎಂದರು ಸೋಮಲಿಂಗಪ್ಪನವರು.

"ಮತ್ತೆ ನಾನ್ಯಾಕೆ ನೋಡ್ಲಿ?" ಎಂದು ಗಂಗಾಧರಯ್ಯನವರು ಗಾಜು ಏರಿಸಿದರು. ಪರಿಶೀಲನೆ ಮುಗಿಯಿತು.

ಶುಕ್ರವಾರ ಆದೇಶ ಬಂತು. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಚಿಕ್ಕಕುಂಟೆಯನ್ನು ಮಣ್ಣು ತುಂಬಿ ಮುಚ್ಚತಕ್ಕದ್ದು. ಮುಂದಿನ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ಕೆಲಸ ಶುರು. ಅದಕ್ಕೂ ಮೊದಲು ಕಣಜಗಳನ್ನು ಹೊಗೆ ಹಾಕಿ ಓಡಿಸತಕ್ಕದ್ದು.

ಶನಿವಾರ ಬೆಳಿಗ್ಗೆ ಹೊಗೆಯ ಯಂತ್ರದವರು ಇಬ್ಬರು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಗಾಜು. ಲೇಔಟಿನವರೆಲ್ಲ ಮಹಡಿಗಳ ಮೇಲೆ ನಿಂತು ಮೊಬೈಲು ಎತ್ತಿ ಹಿಡಿದರು. ಅರ್ಧ ಗಂಟೆ ಹೊಗೆ ಹಾಕಿದರು. ಹೊಗೆಯೊಳಗಿಂದ ಹೊರಗೆ ಬಂದದ್ದು ಎರಡು ಬೆಳ್ಳಕ್ಕಿ ಮತ್ತು ಗೋಡೆಯ ಮರೆಯಲ್ಲಿ ಕೂತಿದ್ದ ಒಬ್ಬ ಮನುಷ್ಯ. ಕಣಜ ಒಂದೂ ಬರಲಿಲ್ಲ.

"ನಿದ್ದೆ ಮಾಡ್ತಿವೆ" ಎಂದು ಸೋಮಲಿಂಗಪ್ಪನವರು ವಿವರಿಸಿದರು. "ಈ ಜಾತಿಯವು ಭಾರೀ ನಿದ್ದೆಯವು."

ಆಗ ಹೊಗೆಯನ್ನು ಸೀಳಿಕೊಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಅಂಜನಮ್ಮ ಬಂದರು. ಲೇಔಟು ಆಗುವುದಕ್ಕೆ ಮೊದಲು ಇಲ್ಲಿ ಇದ್ದ ಊರಿನವರು ಅವರು. ಎಪ್ಪತ್ತೆಂಟು ವಯಸ್ಸು. ಅವರ ರಾಗಿ ಹೊಲದ ಮೇಲೆ ಈಗ ನಾಲ್ಕಂತಸ್ತಿನ ಎರಡು ಬಾಡಿಗೆ ಕಟ್ಟಡಗಳಿವೆ. ಮಗಳ ಮನೆಗೆಂದು ಕೋಣನಕುಂಟೆಗೆ ಹೋದವರು ಹತ್ತು ದಿನ ಬಿಟ್ಟು ಆಗ ತಾನೇ ಬಂದಿದ್ದರು.

"ಯಾವನ್ಲಾ ಅವ್ನು, ಕುಂಟೆಗೆ ಸಾಂಬ್ರಾಣಿ ಹಾಕ್ತಿರೋನು?"

"ಅಜ್ಜಿ, ಹತ್ರ ಹೋಗ್ಬೇಡಿ. ಕಣಜ ಇದೆ" ಎಂದು ವಿಜಯಕುಮಾರ್ ಕೂಗಿದರು.

"ಕಣಜನಾ?" ಅಂಜನಮ್ಮ ನಿಂತರು. ಅವರ ಕಾಲದಲ್ಲಿ ಕಣಜವೆಂದರೆ ಕಾಳು ತುಂಬಿಡುವಂಥದ್ದು. "ಹೂಂ ಕಣಪ್ಪ, ಕಣಜನೇಯ. ಕಾಳು ತುಂಬೈತಲ್ಲ." ಹಾಗೆಂದವರೇ ಗೋಡೆಯ ಮುರಿದ ಜಾಗದಿಂದ ಕೈ ಚಾಚಿ, ಕಡ್ಡಿಸಮೇತ ಒಂದು ಹಸಿರು ಗೂಡನ್ನು ಕಿತ್ತರು. ಅದನ್ನು ಎರಡು ಹೋಳು ಮಾಡಿದರು. ಒಳಗಿಂದ ದುಂಡಗಿನದೊಂದನ್ನು ಉಗುರಿನಿಂದ ಕಿತ್ತು, ಹಸಿರು ಸಿಪ್ಪೆ ಸುಲಿದರು. ಬೆಳ್ಳಗೆ ಒಂದು ಬಂತು. ಬಾಯಿಗೆ ಹಾಕಿಕೊಂಡರು.

ಮಹಡಿಗಳ ಮೇಲಿಂದ ಒಂದೇ ಸಲಕ್ಕೆ ಅಯ್ಯೋ ಎಂಬ ಉದ್ಗಾರ ಎದ್ದಿತು.

"ಮರಿ ತಿಂದ್ರು!" ಎಂದು ಕೂಗಿ, ಕೆಳಗೆ ರಸ್ತೆಯಲ್ಲಿ ನಿಂತಿದ್ದ ವಿಭಾ ಪಕ್ಕದವರ ಸ್ಕೂಟರಿನ ಮೇಲೆ ಬಿದ್ದಳು. ಸ್ಕೂಟರು ಅದರ ಪಕ್ಕದ ಸ್ಕೂಟರಿನ ಮೇಲೆ ಬಿತ್ತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಹೊಗೆಯ ಯಂತ್ರದ ಒಬ್ಬ ಮುಖದ ಗಾಜು ಎತ್ತಿ ಚರಂಡಿಯ ಕಡೆ ಓಡಿದ.

"ಉಗೀರಿ ಅಜ್ಜಿ, ಉಗೀರಿ!" ಎಂದು ವಿಜಯಕುಮಾರ್ ಅಂಗಲಾಚಿದರು.

"ಉಗಿಯಕ್ಕೆ ಇದೇನ್ ಎಲೆ ಅಡಿಕೆನಾ? ತಾವರೆ ಕಾಯಿ ಕಣಪ್ಪ. ಸಣ್ಣವ್ಳಿದ್ದಾಗಿಂದ ತಿಂದಿವ್ನಿ. ಎಳೇದಾದ್ರೆ ಹಿಂಗೆ ಸುಲ್ಕೊಂಡು, ಒಳಗಿನ ಹಸ್ರು ಮೊಳಕೆ ತಗ್ದು ತಿನ್ನಾದು. ಮೊಳಕೆ ಕಹಿ. ಬಲ್ತು ಕರ್ರಗಾದ್ರೆ ಬೀಜಕ್ಕೆ."

ಎಲ್ಲರೂ ತಜ್ಞರ ಕಡೆ ತಿರುಗಿದರು. ಸೋಮಲಿಂಗಪ್ಪನವರು ಅನುಕಂಪದಿಂದ ನಕ್ಕರು. ಮನೆಗೆ ಹೋಗಿ ಒಂದು ಪೊಟ್ಟಣ ತಂದರು. ಜಯನಗರದ ಅಂಗಡಿಯೊಂದರಲ್ಲಿ ಕೊಂಡದ್ದು, ಮೇಲೆ ಕಮಲದ ಬೀಜ ಎಂದು ಅಚ್ಚಾಗಿತ್ತು. ಒಳಗೆ ಮಖಾನ ಇತ್ತು, ಬೆಳ್ಳಗೆ, ಅರಳಿನ ಹಾಗೆ.

"ನೋಡಿ ತಾಯಿ, ತಾವರೆ ಬೀಜ ಅಂದ್ರೆ ಇದು. ಅಚ್ಚು ಹಾಕಿದಾರೆ."

ಅಂಜನಮ್ಮ ಒಂದನ್ನು ತಿಂದು ನೋಡಿದರು. "ಪುರಿ ಥರ ಐತೆ. ಇದು ಯಾವ್ದೋ ಬೇರೆ ಗಿಡದ್ದು. ನಮ್ ತಾವರೇದಲ್ಲ."

"ನಿಮ್ಮದು ಬೀಜ ಆದ್ರೆ ಒಡೀಬೇಕಲ್ಲ?" ಎಂದು ಸೋಮಲಿಂಗಪ್ಪನವರು ಗೋಡೆಯ ಮೇಲೆ ಬಿದ್ದಿದ್ದ ಇನ್ನೊಂದು ಒಣಗಿದ ಗೂಡಿನಿಂದ ಒಂದು ಕರಿಯದನ್ನು ಉದುರಿಸಿ, ಎಲ್ಲರ ಮುಂದೆ ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಟಕ್ ಎಂದಿತು. ಒಡೆದದ್ದು ಬೀಜವಲ್ಲ. ಸೋಮಲಿಂಗಪ್ಪನವರು ಅಂಗೈಯಲ್ಲಿ ತಮ್ಮ ಮುಂದಿನ ಹಲ್ಲಿನ ಅರ್ಧವನ್ನು ಹಿಡಿದು ನಿಂತರು. ಬಂದಿದ್ದ ಆಂಬುಲೆನ್ಸು ಅವರನ್ನೇ ಕರೆದೊಯ್ದಿತು.

ಆಸ್ಪತ್ರೆಯಿಂದ ಬಂದ ಮೇಲೂ ಅವರು ಸೋಲೊಪ್ಪಲಿಲ್ಲ. "ಕಣಜದ ಮೊತ್ತೆ ಗತ್ತಿ ಇಯತ್ತೆ" ಎಂದು ಹಲ್ಲು ಮುರಿದ ಬಾಯಲ್ಲಿ ವಾದಿಸಿದರು. ಬಸವಲಿಂಗಮ್ಮನವರಿಗೆ ಸಾಕಾಗಿತ್ತು. ಅವರು ಬಾಲ್ಕನಿಗೆ ಹೋಗಿ ಕುಕ್ಕರಿನ ವೆಯ್ಟ್ ತೆಗೆದರು. ಸೋಮಲಿಂಗಪ್ಪನವರು ಓಡಿ ಹೋಗಿ ಮಳೆಕೋಟು, ಹೆಲ್ಮೆಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಬಸವಲಿಂಗಮ್ಮ ಒಣ ಗೂಡನ್ನು ತಲೆಕೆಳಗು ಮಾಡಿ ಕೊಡವಿದ್ದರು. ಇಪ್ಪತ್ತಮೂರು ಕರಿಯ ಗುಂಡುಗಳು ಬಾಲ್ಕನಿಯ ತುಂಬ ಉರುಳಿದವು. ಯಾವುದೂ ಹಾರಲಿಲ್ಲ.

"ಅಂಜನಮ್ಮೋರು ಹೇಳಿದಾರೆ, ತಲೆ ಕಡೆ ಉಜ್ಜಿ ನೀರಲ್ಲಿ ಹಾಕು ಅಂತ" ಎಂದು ಬಸವಲಿಂಗಮ್ಮ ಒಂದನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿದರು. ಕರಿಯ ಚಿಪ್ಪು ಸವೆದು ಒಳಗಿನ ಬಿಳುಪು ಕಂಡಿತು. ಗಾಜಿನ ಲೋಟದಲ್ಲಿ ನೀರು ಹಾಕಿ ಅದನ್ನು ಮುಳುಗಿಸಿಟ್ಟರು. "ಕಣಜ ಆದ್ರೆ ಹಾರತ್ತೆ, ತಾವರೆ ಆದ್ರೆ ಮೊಳೆಯತ್ತೆ. ನೋಡೋಣ."

ಸೋಮಲಿಂಗಪ್ಪನವರು ಆ ಲೋಟದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಎರಡನೆಯ ದಿನ ಬೀಜ ಉಬ್ಬಿತು. "ಮರಿ ಬೆಳೀತಿದೆ" ಎಂದರು. ನಾಲ್ಕನೆಯ ದಿನ ಚಿಪ್ಪು ಬಿರಿಯಿತು. ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಶುಕ್ರವಾರ ಬೆಳಿಗ್ಗೆ ಹಸಿರು ದಾರದಂಥ ಕಾಂಡವೊಂದು ಸುರುಳಿ ಬಿಚ್ಚಿ, ತುದಿಯಲ್ಲಿ ಮಡಿಸಿದ ಎಲೆಯನ್ನು ಹೊತ್ತು ನೀರಿನ ಮೇಲಕ್ಕೆ ಬಂದಿತ್ತು. ಸೋಮಲಿಂಗಪ್ಪನವರು ಭೂತಗನ್ನಡಿ ಹಿಡಿದು ನೋಡಿದರು. ಅದನ್ನು ಕೆಳಗಿಟ್ಟು ಬರಿಗಣ್ಣಲ್ಲಿ ನೋಡಿದರು.

"ಬಸಿ, ಇದು ಎಲೆ ಕಣೇ" ಎಂದರು.

"ಹೌದ್ರಿ."

"ಸೋಮವಾರ ಮಣ್ಣು ಹಾಕ್ತಾರೆ."

"ಯಾರು ಹೇಳಿದ್ದಕ್ಕೆ ಹಾಕ್ತಾರೆ?"

ಸೋಮಲಿಂಗಪ್ಪನವರು ತಿಂಡಿಯನ್ನೂ ತಿನ್ನದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಟೋದಲ್ಲಿ ಕೆರೆ-ಕುಂಟೆ ಕಚೇರಿಗೆ ಹೋದರು. ಗಂಗಾಧರಯ್ಯನವರ ಮೇಜಿನ ಮೇಲೆ ಅದನ್ನಿಟ್ಟು, "ಸಾರ್, ನನ್ನ ವರದಿ ತಪ್ಪು. ಅದು ತಾವರೆ. ವಾಪಸ್ ತಗೋತೀನಿ" ಎಂದರು.

ಗಂಗಾಧರಯ್ಯ ಲೋಟವನ್ನು ಕಡತಗಳಿಂದ ದೂರ ಸರಿಸಿದರು. "ತಜ್ಞರ ವರದಿ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ ಸ್ವಾಮಿ."

"ತಪ್ಪು ಅಂತ ನಾನೇ ಹೇಳ್ತಿದೀನಲ್ಲ ಸಾರ್!"

"ನೀವು ತಜ್ಞರು ತಾನೇ?"

"ಹೌದು... ಅಂದ್ರೆ..."

"ತಜ್ಞರು ಅಂದ್ಮೇಲೆ ನೀವು ಬರೆದಿದ್ದು ಸರಿ. ತಪ್ಪು ಅನ್ನೋದಾದ್ರೆ ನೀವು ತಜ್ಞರಲ್ಲ. ತಜ್ಞರಲ್ಲ ಅಂದ್ರೆ, ತಪ್ಪು ಅಂತ ಹೇಳಕ್ಕೆ ನೀವ್ಯಾರು?"

ಮೂವತ್ತೆರಡು ವರ್ಷ ಇಂಥದೇ ಮಾತನ್ನು ಮೇಜಿನ ಆಚೆ ಬದಿಯಿಂದ ಆಡಿದ್ದ ಸೋಮಲಿಂಗಪ್ಪನವರಿಗೆ ಈ ಬದಿಯಿಂದ ಅದು ಹೇಗೆ ಕೇಳುತ್ತದೆಂಬುದು ಅಂದೇ ಗೊತ್ತಾದದ್ದು. ಅವರು ಬೇಡಿಕೊಂಡರು. ಹಲ್ಲು ತೋರಿಸಿದರು. ಕೊನೆಗೆ ಗಂಗಾಧರಯ್ಯ ಒಂದು ದಾರಿ ಹೇಳಿದರು. "ನೀವು ತಜ್ಞರಲ್ಲ ಅಂತ ಒಂದು ದೃಢೀಕರಣ ಪತ್ರ ತನ್ನಿ. ನಿಮ್ಮನ್ನ ಚೆನ್ನಾಗಿ ಬಲ್ಲ ನೂರು ಜನರ ಸಹಿ ಇರ್ಲಿ. ಹಾಗಾದ್ರೆ ವರದಿ ತಾನಾಗೇ ಬಿದ್ದೋಗತ್ತೆ. ಸೋಮವಾರ ಹತ್ತೂವರೆ ಒಳಗೆ ತನ್ನಿ."

ಮನೆಗೆ ಬಂದರೆ ವಿಜಯಕುಮಾರ್ ಕಾಯುತ್ತಿದ್ದರು. ಕಚೇರಿಯಿಂದ ಅವರಿಗೆ ಸುದ್ದಿ ಮೊದಲೇ ತಲುಪಿತ್ತು.

"ಏನ್ಸಾರ್ ಇದು, ತಜ್ಞರಲ್ಲ ಅಂತ ನೀವೇ ಹೇಳ್ಕೊಳೋದಾ? ಭಾನುವಾರ ನಿಮಗೆ ಸನ್ಮಾನ ಇಟ್ಕೊಂಡಿದೀನಿ. ಬ್ಯಾನರ್ ಪ್ರಿಂಟಿಗೆ ಹೋಗಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. 'ಸಸ್ಯ ಕೀಟ ರತ್ನ' ಅಂತ ಬಿರುದು."

ಸೋಮಲಿಂಗಪ್ಪನವರು ಒಂದು ಕೈಯಿಂದ ತಲೆ ಸವರಿಕೊಂಡರು.

"ಪೇಟ ಯಾವ ಅಳತೇದು?" ಎಂದರು.

"ನಿಮ್ಮ ತಲೆ ಅಳತೇದೇ ಸಾರ್."

ಬಸವಲಿಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗಂಡನ ಕೈಯಲ್ಲಿದ್ದ ಲೋಟವನ್ನು ತೆಗೆದುಕೊಂಡು, ಆಟೋದಲ್ಲಿ ಚೆಲ್ಲಿ ಕಡಿಮೆಯಾಗಿದ್ದ ನೀರನ್ನು ತುಂಬಿಸಿ, ಟೀಪಾಯಿಯ ಮೇಲೆ, ವಿಜಯಕುಮಾರರ ಕಾಫಿಯ ಪಕ್ಕದಲ್ಲೇ ಇಟ್ಟರು. ಎಲೆ ಅಲ್ಲಾಡಿತು.

"ಬೇಡ ವಿಜಯಕುಮಾರ್" ಎಂದರು ಸೋಮಲಿಂಗಪ್ಪನವರು. "ನನಗೇನೂ ಗೊತ್ತಿಲ್ಲ. ನೀವು ಮೊದಲ ಸಹಿ ಹಾಕಿ."

"ಸಾಧ್ಯವೇ ಇಲ್ಲ! ನೀವು ಮಹಾನ್ ವಿದ್ವಾಂಸರು" ಎಂದು ವಿಜಯಕುಮಾರ್ ಎದ್ದು ಹೋದರು. ನಮ್ಮ ಲೇಔಟಿನಲ್ಲಿ ಸೋಮಲಿಂಗಪ್ಪನವರ ಪಾಂಡಿತ್ಯವನ್ನು ಕೊನೆಯವರೆಗೂ ಬಿಟ್ಟುಕೊಡದೆ ಸಮರ್ಥಿಸಿದ ವ್ಯಕ್ತಿ ಅವರೊಬ್ಬರೇ.

ಪತ್ರವನ್ನು ಸೋಮಲಿಂಗಪ್ಪನವರೇ ಬರೆದರು. 'ಮಂದಾರ ಲೇಔಟಿನ ನಿವಾಸಿ ಶ್ರೀ ಸೋಮಲಿಂಗಪ್ಪನವರು ಸಸ್ಯ, ಕೀಟ ಹಾಗೂ ಸಂಬಂಧಪಟ್ಟ ಯಾವುದೇ ವಿಷಯದಲ್ಲಿ ತಜ್ಞರಲ್ಲವೆಂದು ಈ ಕೆಳಗೆ ಸಹಿ ಮಾಡಿರುವ ನಾವು ನಮ್ಮ ಸ್ವಂತ ಅನುಭವದಿಂದ ದೃಢೀಕರಿಸುತ್ತೇವೆ.' ಕಚೇರಿಯ ಅಭ್ಯಾಸಬಲದಿಂದ ಪಕ್ಕದಲ್ಲಿ 'ಷರಾ' ಎಂಬ ಅಂಕಣವನ್ನೂ ಎಳೆದುಬಿಟ್ಟರು. ಅದೇ ತಪ್ಪಾದದ್ದು.

ಶನಿವಾರ ಬೆಳಿಗ್ಗೆ ಗೇಟಿನ ಮುಂದೆ ಮೇಜು ಹಾಕಿಕೊಂಡು ಕೂತರು. ಬಸವಲಿಂಗಮ್ಮ ಮೊದಲ ಸಹಿ ಹಾಕಿ, ಷರಾದಲ್ಲಿ 'ಮೂವತ್ತಾರು ವರ್ಷದಿಂದ ಬಲ್ಲೆ' ಎಂದು ಬರೆದರು. ನಾನು ಎರಡನೆಯವನು. ಅಷ್ಟರಲ್ಲಿ ಸಾಲು ಬೆಳೆಯಿತು. ಕೊಳಚೆ ನೀರಿನ ಅರ್ಜಿಗೆ ಒಂಬತ್ತು ವರ್ಷದಲ್ಲಿ ಏಳು ಸಹಿ ಬಿದ್ದಿದ್ದ ಲೇಔಟಿನಲ್ಲಿ ಒಂದು ಗಂಟೆಯೊಳಗೆ ನೂರು ದಾಟಿತು. ಮನೆಮನೆಯಿಂದ ಅಜ್ಜಂದಿರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದರು. 'ಇವರ ಮಾತು ಕೇಳಿ ನಮ್ಮ ಕರಿಬೇವು ಸತ್ತಿದೆ' ಎಂದು ಒಬ್ಬರು ಬರೆದರು. 'ನನಗೆ ಮೂರು ದಿನ ಊಟ ಸೇರಲಿಲ್ಲ' ಎಂದು ವಿಭಾ ಬರೆದಳು. 'ಕ್ರಿಕೆಟ್ಟಿನಲ್ಲೂ ತಜ್ಞರಲ್ಲ' ಎಂದು ಇನ್ನೊಬ್ಬರು ಸೇರಿಸಿದರು.

"ಕ್ರಿಕೆಟ್ಟು ಇದರಲ್ಲಿ ಬರಲ್ಲ ಸ್ವಾಮಿ" ಎಂದು ಸೋಮಲಿಂಗಪ್ಪನವರು ತಡೆಯಲು ನೋಡಿದರು.

"ಇರ್ಲಿ ಬಿಡಿ ಸಾರ್, ಕೇಸು ಗಟ್ಟಿಯಾಗತ್ತೆ."

ಸಂಜೆಗೆ ಕಾಗದ ಮುಗಿಯಿತು. ಯಾರೋ ಓಡಿಹೋಗಿ ಇನ್ನಷ್ಟು ತಂದರು. ಉತ್ತರಹಳ್ಳಿ ರಸ್ತೆಯ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರು ಬಂದರು. ಬನಶಂಕರಿಯಿಂದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಎರಡು ಬಸ್ಸು ಬದಲಾಯಿಸಿ ಬಂದು, ಕಣ್ಣೊರೆಸಿಕೊಂಡು ಸಹಿ ಹಾಕಿ ಹೋದರು. ಅಂಜನಮ್ಮ ಹೆಬ್ಬೆಟ್ಟು ಒತ್ತಿ, "ಒಳ್ಳೆ ಮನುಷ್ಯ ಅಂತಾನೂ ಒಂದ್ ಮಾತು ಬರೀರಪ್ಪ" ಎಂದರು. ಅದಕ್ಕೆ ಜಾಗ ಉಳಿದಿರಲಿಲ್ಲ. ಒಟ್ಟು ಮುನ್ನೂರ ಹನ್ನೆರಡು ಸಹಿ. ನನ್ನದೇ ಎರಡು ಇದ್ದವು. ಎರಡನೆಯದನ್ನು ಹೊಂಗೆಮರದ ಪರವಾಗಿ ಹಾಕಿದೆ.

ಸೋಮವಾರ ಹತ್ತೂವರೆಗೆ ಕಚೇರಿಯಲ್ಲಿ ಗಂಗಾಧರಯ್ಯ ಆ ಹಾಳೆಗಳನ್ನು ತಿರುವಿಹಾಕುತ್ತಿದ್ದಾಗ ಇಲ್ಲಿ ಮೊದಲ ಟಿಪ್ಪರ್ ಕುಂಟೆಯ ಬಳಿಗೆ ಬಂದಿತ್ತು. ಅವರು ಷರಾಗಳನ್ನು ಒಂದೂ ಬಿಡದೆ ಓದಿದರು. ಪಕ್ಕದ ಮೇಜಿನವರನ್ನೂ ಕರೆದು ಓದಿಸಿದರು. ನಗು ನಿಂತ ಮೇಲೆ ಫೋನು ಎತ್ತಿದರು. ಫೋನು ಬರುವ ಹೊತ್ತಿಗೆ ಟಿಪ್ಪರಿನ ಬೆನ್ನು ಅರ್ಧ ಏರಿತ್ತು. ಒಂದು ಲೋಡು ಮಣ್ಣು ಕುಂಟೆಯ ಮೂಲೆಗೆ ಬಿದ್ದೇ ಬಿಟ್ಟಿತು. ಅದು ಇವತ್ತಿಗೂ ಅಲ್ಲೇ ಇದೆ. ಅದರ ಮೇಲೆ ವಿಜಯಕುಮಾರರ ಕಾರು ನಿಲ್ಲುತ್ತದೆ. ಉಳಿದ ಕುಂಟೆ ಉಳಿಯಿತು.

ಕಡತ ಮುಚ್ಚಲು ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿ ಶ್ವೇತ ಎಂಬವರನ್ನು ಕರೆಸಿದರು. ಅವರು ಒಂದು ಕಾಯನ್ನು ಕೈಯಲ್ಲಿ ಹಿಡಿದು, ನಾವೆಲ್ಲ ಕಾಯಿ ಎನ್ನುವ ಈ ತೂತಿನದು ಕಾಯಿಯೇ ಅಲ್ಲವೆಂದೂ, ಅದು ಹೂವಿನ ಪೀಠ ಮಾತ್ರವೆಂದೂ, ನಾವು ಬೀಜ ಎನ್ನುವ ಆ ಗುಂಡೇ ನಿಜವಾದ ಕಾಯಿಯೆಂದೂ, ಬೀಜ ಅದರ ಚಿಪ್ಪಿನೊಳಗೆ ಇದೆಯೆಂದೂ ವಿವರಿಸಿದರು. ಅಲ್ಲಿಗೆ ಸಹಿ ಹಾಕಿದ ಅಷ್ಟೂ ಜನ ತಜ್ಞರಲ್ಲವೆಂದು ಸಾಬೀತಾಯಿತು. ಸೋಮಲಿಂಗಪ್ಪನವರು ಎದುರು ಮಾತಾಡದೆ ಒಂದು ಚೀಟಿಯಲ್ಲಿ ಬರೆದುಕೊಂಡರು. ಅವರು ಬೇರೆಯವರು ಹೇಳಿದ್ದನ್ನು ಬರೆದುಕೊಂಡದ್ದನ್ನು ನಾವು ನೋಡಿದ್ದು ಅದೇ ಮೊದಲು.

ಆಮೇಲೆ ಅವರು ದಿನಾ ಬೆಳಿಗ್ಗೆ ಐದೂವರೆಗೇ ಕುಂಟೆಯ ಗೋಡೆಯ ಹತ್ತಿರ ಅಂಜನಮ್ಮನ ಪಕ್ಕದಲ್ಲಿ ಕೂತು ಕಲಿಯತೊಡಗಿದರು. ಯಾವುದು ಎಳೆಯದು, ಯಾವುದು ಬಲಿತದ್ದು, ಯಾವುದನ್ನು ಕೀಳದೆ ನೀರಿಗೆ ಬಿಡಬೇಕು, ನೈದಿಲೆಯ ಕಾಯಿ ಯಾಕೆ ಹೀಗೆ ನೀರಿನ ಮೇಲೆ ತಲೆ ಎತ್ತದೆ ಒಳಗೇ ಮುಳುಗಿರುತ್ತದೆ, ಎಲ್ಲವನ್ನೂ ಕಲಿತರು. ಎರಡು ತಿಂಗಳಲ್ಲಿ ಕಣ್ಣು ಮುಚ್ಚಿ ಮುಟ್ಟಿ ಹೇಳುವಷ್ಟಾದರು.

ಜನವರಿಯ ಒಂದು ಬೆಳಿಗ್ಗೆ, ಬಿಟಿಎಂ ಲೇಔಟಿನ ಪಿಜಿ ಬಿಟ್ಟು ಅಂಜನಮ್ಮನ ಕಟ್ಟಡಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಧೃತಿ ಎಂಬ ಹುಡುಗಿ ಆ ದಾರಿಯಲ್ಲಿ ಬಂದಳು. ಸೋಮಲಿಂಗಪ್ಪನವರ ಕೈಯಲ್ಲಿದ್ದದ್ದನ್ನು ನೋಡಿ ನಿಂತಳು.

"ಅಂಕಲ್, ಏನದು? ಸಖತ್ತಾಗಿದೆ."

"ತಾವರೇದಮ್ಮ. ಈ ತೂತಿಂದು ಹೂವಿನ ಪೀಠ. ಈ ಗುಂಡಗಿರೋದು ಕಾಯಿ. ಎಳೇದಾದ್ರೆ ಸಿಪ್ಪೆ ಸುಲಿದು, ಒಳಗಿನ ಹಸಿರು ಮೊಳಕೆ ತೆಗೆದು ತಿನ್ನಬಹುದು. ತಗೋ."

ಹುಡುಗಿ ಕೈ ಚಾಚಿದವಳು ಅವರ ಮುಖ ನೋಡಿ, ಮೊಬೈಲು ನೋಡಿ, ಮತ್ತೆ ಮುಖ ನೋಡಿದಳು. "ಸಾರಿ ಅಂಕಲ್, ನೀವು ಸೋಮಲಿಂಗಪ್ಪ ಅಂಕಲ್ಲಾ? ಗ್ರೂಪಲ್ಲಿ ನಿಮ್ಮ ಲೆಟರ್ ಪಿನ್ ಮಾಡಿದಾರೆ. ಫೋಟೋ ಕೂಡ ಇದೆ."

ಸೋಮಲಿಂಗಪ್ಪನವರು ಚಾಚಿದ ಕೈ ಹಿಂದೆ ತೆಗೆದುಕೊಂಡು, ಪಕ್ಕದಲ್ಲಿ ಕೂತಿದ್ದ ಅಂಜನಮ್ಮನನ್ನು ತೋರಿಸಿದರು.

"ಅಜ್ಜಿ, ಇದೇನು?"

"ತಾವರೇದಮ್ಮ. ಈ ತೂತಿಂದು ಹೂವಿನ ಪೀಠ ಅಂತೆ. ಈ ಗುಂಡಗಿರೋದು ಕಾಯಿ. ಎಳೇದಾದ್ರೆ ಸಿಪ್ಪೆ ಸುಲ್ದು, ಹಸ್ರು ಮೊಳಕೆ ತಗ್ದು ತಿನ್ನು" ಎಂದು ಅಂಜನಮ್ಮ ಸೋಮಲಿಂಗಪ್ಪನವರ ಕೈಯಿಂದಲೇ ಅದನ್ನು ತೆಗೆದು ಕೊಟ್ಟರು.

ಹುಡುಗಿ ತಿಂದು, ವಾವ್ ಎಂದು, ಅಜ್ಜಿಯ ಮಾತನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡಳು. ಹೊರಡುವಾಗ ದನಿ ತಗ್ಗಿಸಿ, "ಆ ಅಂಕಲ್ ಏನೇನೋ ಹೇಳ್ತಿದ್ರು ಅಜ್ಜಿ" ಎಂದಳು.

"ಅವ್ರ ಮಾತು ಕೇಳ್ಬ್ಯಾಡ ಬುಡು ಮಗ" ಎಂದರು ಅಂಜನಮ್ಮ. "ಪಾಪ, ಕಾಗ್ದ ಮಾಡಿಸ್ಕಂಡವ್ರೆ."